ದ್ವೀಪನಗರಿಯ ಊಟದ ಮನೆಗಳು

ನಾಲ್ಕು ಕಡೆಗಳಲ್ಲಿಯೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು. ಈ ಲಕ್ಷಣವನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಒಪ್ಪಿಸುವರು. ಆದರೆ ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆಯನ್ನು ಕಾಣುವ ಅನಂತಪುರ ಸೀಮೆಯಲ್ಲಿ ಹುಟ್ಟಿ, ಕೆರೆ ಕೋಡಿ ಬಿದ್ದ ವರ್ಷಗಳನ್ನು ಬೆರಳುಗಳ ಮೇಲೆ ಎಣಿಸಬಲ್ಲ ಬೆಳುಗುಪ್ಪದ ಬಾಲಕನಿಗೆ ನಾಲ್ಕು ಕಡೆಯೂ ನೀರೆಂಬ ಮಾತು ಪುಸ್ತಕದ ಮಾತಾಗಿಯೇ ಉಳಿದರೆ ಆಶ್ಚರ್ಯವಿಲ್ಲ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಒಂದು ದ್ವೀಪನಗರಿಯನ್ನು ಅದರ ಊಟದ ಎಲೆಯ ಮೂಲಕ ಪರಿಚಯ ಮಾಡಿಕೊಡಬೇಕೆಂದು ಬಗೆದಿದ್ದೇನೆ. ಆ ಎಲೆಯನ್ನು ಹಾಕಿದವರಲ್ಲಿ ಬಹುಮಂದಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರೇ ಆಗಿದ್ದರೆಂಬುದು ಇದಕ್ಕೆ ಮತ್ತೊಂದು ಕಾರಣ.

ಆ ನಗರಿಯೇ ಮುಂಬಯಿ. ನಮ್ಮ ಜಿಲ್ಲೆಯ ಗುಂತಕಲ್ಲಿನಲ್ಲಿ ರೈಲು ಹತ್ತಿ ರಾಯಚೂರು, ಸೊಲ್ಲಾಪುರ, ಪುಣೆಗಳನ್ನು ದಾಟಿದರೆ ಮುಂಬಯಿಗೆ ಸೇರಬಹುದು. ಈಗ ಒಂದೇ ನೆಲವಾಗಿ ಕಾಣುವ ಈ ನಗರದ ದಕ್ಷಿಣ ಭಾಗವು ಹಿಂದೆ ಏಳು ದ್ವೀಪಗಳಾಗಿದ್ದಿತು. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂದು ಅವುಗಳ ಹೆಸರು. 1661ರ ವಿವಾಹದ ಒಪ್ಪಂದದಂತೆ, ಪೋರ್ತುಗಲ್ಲಿನ ರಾಜಪುತ್ರಿಯನ್ನು ವರಿಸಿದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಈ ಸ್ಥಳವು ಬಳುವಳಿಯಾಗಿ ಸಂದಿತು. ಏಳು ವರ್ಷಗಳ ತರುವಾಯ ಅವನು ಅದನ್ನು ವರ್ಷಕ್ಕೆ ಹತ್ತು ಪೌಂಡು ಗುತ್ತಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟನು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಕಟ್ಟೆಗಳನ್ನು ಹಾಕಿ, ನಡುವಣ ಉಪ್ಪುನೀರನ್ನು ತಡೆದು, ಗುಡ್ಡಗಳನ್ನು ಕಡಿದು ತಗ್ಗುಗಳನ್ನು ತುಂಬಿ ದ್ವೀಪಗಳನ್ನು ಒಂದುಗೂಡಿಸಿದರು. ಆ ಭಾಗವನ್ನು ಇಂದಿಗೂ ನಗರಪಾಲಿಕೆಯವರು ದ್ವೀಪನಗರವೆಂದೇ ಕರೆಯುತ್ತಾರೆ.

ಇಂತಹ ಊರಿನಲ್ಲಿ ಹೊಲವಿಲ್ಲ, ಗದ್ದೆಯಿಲ್ಲ; ಇದ್ದುದು ಬಂದರು, ಹತ್ತಿಯ ಗಿರಣಿಗಳು, ಕಛೇರಿಗಳು. ಕೆಲಸಕ್ಕೆಂದು ಬಂದವರಲ್ಲಿ ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಒಂಟಿಯಾಗಿ ಬಂದವರೇ ಹೆಚ್ಚು. ಅವರಿಗೆ ಒಲೆಯೂ ಇಲ್ಲ, ಅಡಿಗೆಯ ಮನೆಯೂ ಇಲ್ಲ. ಒಂದು ಕೋಣೆಯಲ್ಲಿ ಹತ್ತು ಮಂದಿ ಸರದಿಯ ಮೇಲೆ ಮಲಗುತ್ತಿದ್ದ ಕಾಲ. ಅವರಿಗೆ ಅನ್ನ ಹಾಕುವ ಕೆಲಸವನ್ನು ಬೇರೆ ಬೇರೆ ಜನರು ಕೈಗೊಂಡರು. ಗಿರಣಿಗಳ ಬಳಿ ಮರಾಠಿ ಹೆಣ್ಣುಮಕ್ಕಳ ಖಾನಾವಳಿಗಳು ನಡೆದವು. ಬೀದಿಯ ಮೂಲೆಗಳಲ್ಲಿ ಪಾರಸೀಕ ದೇಶದಿಂದ ಬಂದವರು ಇರಾನಿ ಚಹದಂಗಡಿಗಳನ್ನು ತೆರೆದರು. ಇವರೊಂದಿಗೆ ಸೇರಿಕೊಂಡವರು ನಮ್ಮ ಕರಾವಳಿಯ ಕನ್ನಡಿಗರು, ಎಂದರೆ ಉಡುಪಿ, ಕುಂದಾಪುರ, ಕಾರ್ಕಳಗಳ ಕಡೆಯವರು.

ಆಗಿನ ದಕ್ಷಿಣ ಕನ್ನಡ ಜಿಲ್ಲೆಯೂ ನಮ್ಮ ಅನಂತಪುರವೂ ಒಂದೇ ಮದರಾಸು ಪ್ರಾಂತದಲ್ಲಿದ್ದವು. ಇದನ್ನು ಈಗಿನ ಮಕ್ಕಳು ಅರಿಯರು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರವು ಅದರೊಳಗೆ ಬಂದಿತು; ಬಳ್ಳಾರಿಯಿಂದ ರಾಯದುರ್ಗ ತಾಲ್ಲೂಕೂ ಆಗಲೇ ಬೇರ್ಪಟ್ಟು ಇತ್ತ ಸೇರಿತು. ದಕ್ಷಿಣ ಕನ್ನಡವು 1956ರಲ್ಲಿ ಮೈಸೂರು ರಾಜ್ಯಕ್ಕೆ ಹೋಯಿತು. ಅಲ್ಲಿನ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಶಾಲೆಯ ಮಾತು ಕನ್ನಡ. ನಮ್ಮ ಮಕ್ಕಳು ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವಂತೆಯೇ ಅವರೂ ಎರಡು ಮೂರು ಭಾಷೆಗಳ ನಡುವೆ ಬೆಳೆದವರು. ಪಶ್ಚಿಮ ಕರಾವಳಿಯ ಉದ್ದಕ್ಕೂ ಓಡುವ ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಮಂಗಳೂರಿನಿಂದ ಮುಂಬಯಿಗೆ ಹೋಗುವವರು ಬಹುಮಟ್ಟಿಗೆ ಹಡಗನ್ನಾಗಲಿ ಘಟ್ಟ ಹತ್ತಿ ಸುತ್ತಿ ಹೋಗುವ ಬಸ್ಸನ್ನಾಗಲಿ ಹಿಡಿಯುತ್ತಿದ್ದರು. ಹೊಲ ಚಿಕ್ಕದು, ಮನೆಯಲ್ಲಿ ಮಕ್ಕಳು ಹೆಚ್ಚು. ಹತ್ತು ಹನ್ನೆರಡು ವರ್ಷದ ಹುಡುಗನನ್ನು ಊರಿನವನೊಬ್ಬನ ಜೊತೆ ಮಾಡಿ ಕಳುಹಿಸಿದರೆ ಒಂದು ಹೊಟ್ಟೆಯ ಚಿಂತೆಯಾದರೂ ಕಡಮೆಯಾಗುವುದೆಂಬುದು ತಂದೆತಾಯಿಗಳ ಎಣಿಕೆ.

ಕಾರ್ಕಳದ ಕಡೆಯ ಎ. ರಾಮ ನಾಯಕರು ಹೀಗೆ ಬಾಲ್ಯದಲ್ಲಿಯೇ ಮುಂಬಯಿಗೆ ಹೋಗಿ ಅಡಿಗೆಯ ಮನೆಯಲ್ಲಿ ದುಡಿದವರು. ಅವರು 1942ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಬಳಿ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ಎಂಬ ಭೋಜನಾಲಯವನ್ನು ತೆರೆದರು. ಮಹಾಯುದ್ಧದ ಕಾಲ, ಧಾನ್ಯಕ್ಕೆ ಕೊರತೆ. ಆದರೂ ಅದು ನಿಂತಿತು. 1896ರಲ್ಲಿ ನಗರಕ್ಕೆ ಪ್ಲೇಗು ಬಂದು ಸಾವಿರಾರು ಜನ ಮಡಿದ ತರುವಾಯ ಸರ್ಕಾರವು ಗಾಳಿ ಬೆಳಕುಗಳಿರುವ ಹೊಸ ಬಡಾವಣೆಗಳನ್ನು ಹಾಕಿಸಿತು. ಮಾಟುಂಗಾ ಅವುಗಳಲ್ಲಿ ಒಂದು. ಗುಮಾಸ್ತರಾಗಿ, ಬೆರಳಚ್ಚುಗಾರರಾಗಿ ಬಂದ ದಕ್ಷಿಣದವರು ಅಲ್ಲಿ ನೆಲೆಸಿದರು. ಮೈಸೂರು ಅಸೋಸಿಯೇಷನ್ ಎಂಬ ಕನ್ನಡಿಗರ ಹಳೆಯ ಸಂಘವು ಇರುವುದೂ ಅದೇ ಮಾಟುಂಗಾದಲ್ಲಿ.

ಮಾಟುಂಗಾದ ಇಂತಹ ಒಂದು ಭೋಜನಾಲಯದಲ್ಲಿ ಉಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ನಾನು ಕಂಡದ್ದರಲ್ಲಿ ರುಚಿಗಿಂತಲೂ ವ್ಯವಸ್ಥೆಯೇ ಹೆಚ್ಚು ಮನಸ್ಸಿಗೆ ಹಿಡಿಯಿತು. ಬಾಗಿಲಿನಲ್ಲಿ ಗಲ್ಲಾಪೆಟ್ಟಿಗೆ, ಊಟದ ಬೆಲೆ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿದೆ. ಹಣ ಕೊಟ್ಟು ಚೀಟಿ ಪಡೆದವರು ಸಾಲಿನಲ್ಲಿ ಕಾಯುತ್ತಾರೆ. ಒಬ್ಬನು ಎದ್ದ ಜಾಗಕ್ಕೆ ಮುಂದಿನವನು. ಎಲೆ ಹಾಕಿ ನೀರು ಚಿಮುಕಿಸಿದೊಡನೆ ಉಪ್ಪು, ಉಪ್ಪಿನಕಾಯಿ, ಎರಡು ಬಗೆಯ ಪಲ್ಯ, ಚಪಾತಿ, ಅನಂತರ ಅನ್ನ, ಸಾರು, ಹುಳಿ, ಹಪ್ಪಳ, ಕೊನೆಗೆ ಮಜ್ಜಿಗೆ. ಬಡಿಸುವವರು ಓಡುತ್ತಿದ್ದರೂ ಒಬ್ಬನು ಇನ್ನೊಬ್ಬನಿಗೆ ಅಡ್ಡವಾಗುವುದಿಲ್ಲ. ನನ್ನ ಎಡಕ್ಕೆ ಕೊರಳಪಟ್ಟಿ ಕಟ್ಟಿದ ಬ್ಯಾಂಕಿನ ಅಧಿಕಾರಿಯೊಬ್ಬರು, ಬಲಕ್ಕೆ ತಲೆಯ ಮೇಲೆ ಹೊರೆ ಹೊತ್ತು ಬಂದು ಸಿಂಬೆಯನ್ನು ತೊಡೆಯ ಮೇಲಿಟ್ಟುಕೊಂಡ ಕೂಲಿಯೊಬ್ಬನು. ಇಬ್ಬರಿಗೂ ಅದೇ ಎಲೆ, ಅದೇ ಸೌಟು. ಸಾರಿನಲ್ಲಿ ಬೆಲ್ಲ ತುಸು ಮುಂದಾಗಿತ್ತು ಎಂಬುದು ಊರಿಬಿಂಡಿಯ ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಯ ದೂರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಹಿಂದಿನಿಂದಲೂ ನಡೆದುಬಂದ ಸಹಜವಾದ ಸಂಗತಿಯೆಂದು ವಿದ್ಯಾರ್ಥಿಗಳು ತಿಳಿಯಬಾರದು. ಉಡುಪಿಯ ಅಡಿಗೆಯು ಮಠದ ಅಡಿಗೆಯಿಂದ ಬಂದದ್ದು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರ ಕಾಲದಿಂದ ಅಲ್ಲಿ ಶ್ರೀಕೃಷ್ಣನ ಪೂಜೆ ನಡೆಯುತ್ತಿದೆ; ಎಂಟು ಮಠಗಳು ಎರಡೆರಡು ವರ್ಷಗಳ ಸರದಿಯಲ್ಲಿ ಅದನ್ನು ನಡೆಸುತ್ತವೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ, ಚಾತುರ್ಮಾಸ್ಯದಲ್ಲಿ ಕೆಲವು ಪದಾರ್ಥಗಳನ್ನು ವರ್ಜಿಸುವ ಅಡಿಗೆ ಅದು. ಪಂಕ್ತಿಭೇದವೂ ಅದರೊಡನೆ ಬಂದಿತು. ದಕ್ಷಿಣದ ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಇತರರಿಗೆ ಹೊರಗಿನ ಜಗುಲಿ, ಕೆಲವರಿಗೆ ಪ್ರವೇಶವೇ ಇಲ್ಲ ಎಂಬ ಕಟ್ಟುಪಾಡುಗಳಿದ್ದವು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ವಿಧಿಯನ್ನು ಪ್ರೌಢಶಾಲೆಯ ಮಕ್ಕಳು ಒಮ್ಮೆ ತೆಗೆದು ನೋಡಬೇಕು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ರಸ್ತೆ ಇವುಗಳ ವಿಷಯದಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಅಲ್ಲಿ ಇದೆ. ಒಂದು ದೇಶದ ಮೂಲಶಾಸನದಲ್ಲಿ ಹೋಟೆಲಿನ ಹೆಸರು ಬರಬೇಕಾಯಿತೆಂದರೆ ಅದರ ಬಾಗಿಲಿನಲ್ಲಿ ಎಷ್ಟು ಜನ ಅವಮಾನವನ್ನು ಉಂಡಿರಬೇಕೆಂಬುದನ್ನು ಊಹಿಸಿರಿ. ಆ ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದ ಡಾಕ್ಟರ್ ಅಂಬೇಡ್ಕರರ ಮನೆಯು ಮಾಟುಂಗಾಕ್ಕೆ ಸಮೀಪದ ದಾದರಿನಲ್ಲಿಯೇ ಇತ್ತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆಯೂ ಆಯಿತು. ಇಷ್ಟಾದರೂ ಚಹದಂಗಡಿಯಲ್ಲಿ ಎರಡು ಬಗೆಯ ಲೋಟಗಳನ್ನು ಇಡುತ್ತಿದ್ದ ಹಳ್ಳಿಗಳನ್ನು ನಮ್ಮ ಸೀಮೆಯ ಹಿರಿಯರು ಬಲ್ಲರು. ಮಹಾನಗರದ ಹೋಟೆಲಿನಲ್ಲಿ ಪಕ್ಕದವನ ಜಾತಿಯನ್ನು ಕೇಳುವಷ್ಟು ಸಮಯ ಯಾರಿಗೂ ಇಲ್ಲ. ಹಿಂದೆ ಕಾಯುವವನು ಕುರ್ಚಿಯ ಬೆನ್ನನ್ನು ಹಿಡಿದು ನಿಂತಿರುತ್ತಾನೆ. ಕಾಯಿದೆಯು ಅರ್ಧ ಮಾಡಿದ ಕೆಲಸವನ್ನು ಹಸಿವೂ ಅವಸರವೂ ಪೂರ್ತಿ ಮಾಡಿದವು ಎಂದು ನನ್ನ ಮತ.

ಇನ್ನು ಎಲೆಯ ಮೇಲಿನ ಪದಾರ್ಥಕ್ಕೆ ಬರೋಣ. ಉಡುಪಿ ಹೋಟೆಲೆಂದರೆ ಇಡ್ಲಿ, ದೋಸೆ. ಸುಮಾರು ಕ್ರಿ.ಶ. 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಎಂಬ ಪದವಿದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ರೀತಿಯೇ ಇದೆ; ಅಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸುವರಲ್ಲದೆ ಅಕ್ಕಿಯ ಮಾತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥದಲ್ಲಿ ದೋಸೆಯೂ ಬರುವುದು. ಆದುದರಿಂದ ದೋಸೆಯನ್ನು ಪಟ್ಟಣದ ಹೊಸ ತಿಂಡಿ ಎಂದು ತಿಳಿಯುವ ಹುಡುಗರು, ನಮ್ಮ ಭಾಷೆಯ ಮೊದಲ ಗದ್ಯಗ್ರಂಥಗಳಷ್ಟೇ ಹಳೆಯ ವಂಶಕ್ಕೆ ಅದು ಸೇರಿದೆ ಎಂಬುದನ್ನು ಅರಿಯಬೇಕು.

ಹಿಟ್ಟು ಹುಳಿಯುವುದು ಹೇಗೆ? ಇದು ವಿಜ್ಞಾನದ ಪಾಠ. ಮೂರು ಅಥವಾ ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆಯನ್ನು ನೆನೆಯಿಸಿ ರುಬ್ಬಿ ರಾತ್ರಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಉಬ್ಬಿರುತ್ತದೆ. ಧಾನ್ಯದ ಮೈಯಲ್ಲಿಯೇ ಇರುವ ಸೂಕ್ಷ್ಮಜೀವಿಗಳು, ಅವುಗಳಲ್ಲಿಯೂ ಲ್ಯೂಕೊನಾಸ್ಟಾಕ್ ಎಂಬ ಕುಲದವು, ಹಿಟ್ಟಿನ ಸಕ್ಕರೆಯ ಅಂಶವನ್ನು ಆಮ್ಲವಾಗಿಯೂ ಇಂಗಾಲದ ಡೈ ಆಕ್ಸೈಡ್ ಅನಿಲವಾಗಿಯೂ ಮಾರ್ಪಡಿಸುತ್ತವೆ. ಉದ್ದಿನ ಲೋಳೆಯು ಅನಿಲದ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನಿಂದ ಸೋಡಾ ಬೇಕಿಲ್ಲ. ಚಳಿಗಾಲದಲ್ಲಿ ಜೀವಿಗಳ ಕೆಲಸ ನಿಧಾನವಾಗುವುದರಿಂದ ಹಿಟ್ಟು ತಡವಾಗಿ ಹುಳಿಯುತ್ತದೆ. ಅಕ್ಕಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶ ಕಡಮೆ, ಉದ್ದಿನಲ್ಲಿ ಅದು ಹೆಚ್ಚು. ಉದ್ದಿನಲ್ಲಿ ಕೊರತೆಯಾದದ್ದು ಅಕ್ಕಿಯಲ್ಲಿ ಉಂಟು. ಎರಡೂ ಕೂಡಿದಾಗ ಬೆಳೆಯುವ ಮಕ್ಕಳಿಗೆ ಉತ್ತಮ ಆಹಾರ. ಸಾವಿರ ವರ್ಷಗಳ ಹಿಂದಿನ ಗೃಹಿಣಿಗೆ ಈ ಹೆಸರುಗಳು ತಿಳಿದಿರಲಿಲ್ಲ, ಕೆಲಸ ತಿಳಿದಿತ್ತು. ಮುದ್ದೆಯೊಡನೆ ಅವರೆಯ ಹುಳಿಯನ್ನೋ ಹುರುಳಿಯ ಸಾರನ್ನೋ ಕೂಡಿಸುವ ನಮ್ಮ ತಾಯಂದಿರ ಪದ್ಧತಿಯಲ್ಲಿಯೂ ಇದೇ ಧಾನ್ಯ-ದ್ವಿದಳಗಳ ಜೋಡಿ ಇದೆ. ನಮ್ಮ ಊಟವು ಕೀಳು, ಹೋಟೆಲಿನ ತಿಂಡಿ ಮೇಲು ಎಂದು ಭಾವಿಸಲು ಕಾರಣವಿಲ್ಲ.

ಅನ್ನದ ಈ ಪ್ರವಾಸವನ್ನು ನಾವೊಬ್ಬರೇ ಮಾಡಿದವರಲ್ಲ. ಮುಂಬಯಿಯಲ್ಲಿಯೂ ಸಿಂಗಾಪುರವೆಂಬ ಮತ್ತೊಂದು ದ್ವೀಪನಗರಿಯಲ್ಲಿಯೂ ಈಚಿನ ವರ್ಷಗಳಲ್ಲಿ ವಿಯೆಟ್ನಾಂ ದೇಶದ ಊಟದ ಮನೆಗಳು ತೆರೆದಿವೆ. ವಿಯೆಟ್ನಾಮು ಏಷ್ಯದ ಆಗ್ನೇಯ ಭಾಗದಲ್ಲಿ ಕಡಲಿನ ಉದ್ದಕ್ಕೆ ಚಾಚಿಕೊಂಡ ಭತ್ತದ ನಾಡು. ಅದರ ನಡುವಣ ಭಾಗದಲ್ಲಿ ಹಿಂದೆ ಚಂಪಾ ಎಂಬ ರಾಜ್ಯವಿದ್ದಿತು. ನಾಲ್ಕನೆಯ ಶತಮಾನದ ಭದ್ರವರ್ಮನೆಂಬ ಅರಸನು ಮೀ ಸನ್ ಎಂಬಲ್ಲಿ ಭದ್ರೇಶ್ವರನೆಂಬ ಶಿವನ ಗುಡಿಯನ್ನು ಕಟ್ಟಿಸಿದನು. ಆ ಸ್ಥಳದ ಇಟ್ಟಿಗೆಯ ಗುಡಿಗಳನ್ನು 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದುದರಿಂದ ಆ ದೇಶವು ನಮಗೆ ತೀರ ಪರಕೀಯವಲ್ಲ.

ಅವರ ಊಟವನ್ನೂ ನಮ್ಮವರು ಬೇಗನೆ ಗುರುತಿಸಬಲ್ಲರು. ‘ಬುನ್’ ಎಂಬುದು ಅಕ್ಕಿಯ ಶಾವಿಗೆ. ನಮ್ಮಲ್ಲಿ ಶಾವಿಗೆಯ ಒರಳಿನಲ್ಲಿ ಒತ್ತುವುದಕ್ಕೆ ಬಲು ಹತ್ತಿರ. ಅಕ್ಕಿಯ ಹಿಟ್ಟಿಗೆ ಅರಿಸಿನ ಬೆರೆಸಿ ಕಾದ ಬಾಣಲೆಗೆ ಹುಯ್ಯುವ ದೋಸೆಗೆ ‘ಬಾನ್ ಸೆಯೊ’ ಎಂದು ಹೆಸರು. ಸೆಯೊ ಎಂದರೆ ಹಿಟ್ಟು ಬಾಣಲೆಗೆ ಬಿದ್ದಾಗ ಆಗುವ ಚುಂಯ್ ಎಂಬ ಸದ್ದು. ನಮ್ಮಂತೆ ಅವರು ಹಿಟ್ಟನ್ನು ಹುಳಿಯಿಸುವುದಿಲ್ಲ. ‘ಫಾ’ ಎಂಬುದು ದನದ ಅಥವಾ ಕೋಳಿಯ ಮೂಳೆಗಳನ್ನು ಚಕ್ಕೆ, ನಕ್ಷತ್ರಾಕಾರದ ಮೊಗ್ಗುಗಳೊಡನೆ ಹಲವು ಗಂಟೆಗಳ ಕಾಲ ಕುದಿಸಿ ತೆಗೆದ ತಿಳಿಸಾರಿಗೆ ಅಕ್ಕಿಯ ಎಳೆಗಳನ್ನು ಹಾಕಿದ್ದು. ಕೊತ್ತಂಬರಿ, ಪುದೀನ ಮುಂತಾದ ಹಸಿಸೊಪ್ಪುಗಳನ್ನು ತಟ್ಟೆಯ ತುಂಬ ಪಕ್ಕದಲ್ಲಿಡುವರು. ಉಪ್ಪಿನ ಬದಲು ಮೀನನ್ನು ಉಪ್ಪಿನಲ್ಲಿ ಹಲವು ತಿಂಗಳು ಕೊಳೆಹಾಕಿ ಇಳಿಸಿದ ರಸವನ್ನು ಬಳಸುತ್ತಾರೆ. ಶಾಕಾಹಾರಿಗಳು ಇಷ್ಟಕ್ಕೆ ಮುಖ ತಿರುಗಿಸಬೇಕಾಗಿಲ್ಲ. ಅವರಲ್ಲಿ ಬೌದ್ಧರಾದ ಅನೇಕರು ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ, ಎಂದರೆ ಸರಿಸುಮಾರಾಗಿ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಮಾಂಸವನ್ನು ಬಿಟ್ಟು ಸೊಪ್ಪು, ಅಣಬೆ, ಸೋಯಾದ ಗಿಣ್ಣುಗಳಿಂದ ಅಡಿಗೆ ಮಾಡುವರು. ಊಟವನ್ನು ಮಾಡುವುದಕ್ಕೆ ಅವರ ಭಾಷೆಯಲ್ಲಿ ಅನ್ನ ತಿನ್ನುವುದೆಂದೇ ಮಾತು. ಹಳೆಯ ಪದ್ಧತಿಯ ಮನೆಗಳಲ್ಲಿ ಕಿರಿಯರು ಹಿರಿಯರನ್ನು ಹೆಸರಿಸಿ ಅನ್ನಕ್ಕೆ ಕರೆದಲ್ಲದೆ ಕೈಯಿಕ್ಕುವುದಿಲ್ಲ. ನಮ್ಮ ಮಕ್ಕಳು ಈ ಒಂದನ್ನು ಅವರಿಂದ ಕಲಿತರೆ ನಷ್ಟವೇನೂ ಇಲ್ಲ.

ಫ್ರೆಂಚರು ಆ ದೇಶವನ್ನು 1954ರ ವರೆಗೆ ಆಳಿದರು. ಅವರು ಬಿಟ್ಟುಹೋದ ಉದ್ದನೆಯ ರೊಟ್ಟಿಯನ್ನು ಸೀಳಿ, ಉಪ್ಪಿನಕಾಯಿಯಂತೆ ಹುಳಿಹಾಕಿದ ಮೂಲಂಗಿ, ಸೊಪ್ಪು, ಮೆಣಸಿನಕಾಯಿ, ಮಾಂಸಗಳನ್ನು ತುಂಬಿ ಸೈಗಾನಿನ ಬೀದಿಯವರು ‘ಬಾನ್ ಮೀ’ ಮಾಡಿದರು. ಪೋರ್ತುಗೀಜರು ಬಿಟ್ಟುಹೋದ ಪಾವಿನ ಒಳಗೆ ಬಟಾಟೆಯ ವಡೆಯನ್ನಿಟ್ಟು 1960ರ ದಶಕದಲ್ಲಿ ದಾದರ್ ನಿಲ್ದಾಣದ ಬಳಿಯವರು ವಡಾ ಪಾವ್ ಮಾಡಿದರು. ಆಳಲು ಬಂದವನ ರೊಟ್ಟಿಯನ್ನು ಇಟ್ಟುಕೊಂಡು ಅದರೊಳಗೆ ತಮ್ಮ ಖಾರವನ್ನು ಹಾಕಿದ ಎರಡು ಊರುಗಳಿವು. ನಮ್ಮ ರಾಯದುರ್ಗದ ಬೀದಿಯ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಗಳಿಗೂ ಹೊರನಾಡಿನ ನಂಟಿದೆ. ಮೆಣಸಿನಕಾಯಿಯನ್ನು ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ತಂದವರು ಪೋರ್ತುಗೀಜರೇ.

ವಿಯೆಟ್ನಾಮಿನ ಅಡಿಗೆಯು ಪರದೇಶಗಳಿಗೆ ಹರಡಿದ ಕಾರಣವು ಸುಖದ್ದಲ್ಲ. ದೀರ್ಘಯುದ್ಧವು 1975ರ ಏಪ್ರಿಲ್ 30ರಂದು ಸೈಗಾನಿನ ಪತನದೊಂದಿಗೆ ಮುಗಿದಾಗ, ಮತ್ತು ಅದರ ಮುಂದಿನ ವರ್ಷಗಳಲ್ಲಿ, ಲಕ್ಷಾಂತರ ಜನ ಚಿಕ್ಕ ದೋಣಿಗಳಲ್ಲಿ ಕಡಲಿಗೆ ಬಿದ್ದರು. ಅನೇಕರು ದಡ ಸೇರಲಿಲ್ಲ. ಸೇರಿದವರಲ್ಲಿ ಹಲವರಿಗೆ ಹೊಸ ದೇಶದ ಭಾಷೆ ಬಾರದು, ಕೈಯಲ್ಲಿ ಹಣವಿಲ್ಲ. ಬರುತ್ತಿದ್ದ ಅಡಿಗೆಯನ್ನೇ ಜೀವನೋಪಾಯ ಮಾಡಿಕೊಂಡರು. ಉಡುಪಿಯವರನ್ನು ಅಟ್ಟಿದ್ದು ಬಡತನ, ಅವರನ್ನು ಅಟ್ಟಿದ್ದು ಯುದ್ಧ. ಮುಂಬಯಿಯಲ್ಲಿ ನಮ್ಮವರಿಗೂ ಕಷ್ಟಗಳು ಬಾರದೆ ಇರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ದಕ್ಷಿಣದವರ ವಿರುದ್ಧ ಚಳವಳಿಯೆದ್ದು ಉಡುಪಿ ಹೋಟೆಲುಗಳ ಗಾಜುಗಳು ಪುಡಿಯಾದವು. ಗಾಜುಗಳನ್ನು ಮತ್ತೆ ಹಾಕಿಸಿದರು. ಇರಾನಿ ಅಂಗಡಿಗಳು ಒಂದೊಂದಾಗಿ ಮುಚ್ಚಿದಂತೆ ಎಷ್ಟೋ ಕಡೆ ಆ ಮೂಲೆಗಳಿಗೂ ಉಡುಪಿಯವರೇ ಬಂದರು. ಈಗ ಸಿಂಗಾಪುರದಲ್ಲಿಯೂ ಕನ್ನಡನಾಡಿನ ದೋಸೆ ಸಿಗುತ್ತದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯ ಇಡ್ಲಿಯನ್ನು ಕಂಡುಹಿಡಿದೆವೆಂದು ಹೇಳಿಕೊಳ್ಳುವ ಮಾವಳ್ಳಿ ಟಿಫನ್ ರೂಮ್ಸ್ 2013ರಲ್ಲಿ ಅಲ್ಲಿ ಶಾಖೆಯನ್ನು ತೆರೆಯಿತು.

ಇಲ್ಲಿಯವರೆಗೆ ಉಣ್ಣುವವರ ವಿಷಯವಾಯಿತು. ಬಡಿಸಿದ ಹುಡುಗನ ವಿಷಯವನ್ನು ನಮ್ಮ ಪೋಷಕರು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇನೆ.

ಊರಿನಿಂದ ಬಂದ ಬಾಲಕನಿಗೆ ಹೋಟೆಲಿನಲ್ಲಿ ಮೊದಲು ಸಿಗುತ್ತಿದ್ದ ಕೆಲಸ ತಟ್ಟೆ ಲೋಟಗಳನ್ನು ತೊಳೆಯುವುದು. ಅದರಲ್ಲಿ ಕೈ ಪಳಗಿದರೆ ಮೇಜು ಒರೆಸುವುದು. ಬಳಿಕ ಮಾಣಿಯಾಗಿ ತಿಂಡಿ ಕೊಡುವುದು. ಬಾಯಿಲೆಕ್ಕ ಚುರುಕಾಗಿದ್ದರೆ ಗಲ್ಲಾ. ಕೊನೆಗೆ ಯಜಮಾನರಿಗೆ ನಂಬಿಕೆ ಹುಟ್ಟಿದರೆ ಪಾಲುದಾರಿಕೆ. ಬೆಳಗಿನ ಜಾವದಲ್ಲಿ ಏಳಬೇಕು, ರಾತ್ರಿ ಕಡೆಯ ಗಿರಾಕಿ ಎದ್ದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಬೇಕು. ಕಾರ್ಕಳದ ಜಯರಾಮ ಬಾನನ್ ಎಂಬವರು 1967ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಮನೆಬಿಟ್ಟು ಮುಂಬಯಿಯ ಕಡೆಗೆ ಹೋಗಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತಿಂಗಳಿಗೆ 18 ರೂಪಾಯಿಗೆ ಪಾತ್ರೆ ತೊಳೆದರು. 1986ರಲ್ಲಿ ದೆಹಲಿಯಲ್ಲಿ ‘ಸಾಗರ್’ ತೆರೆದು ಹತ್ತಾರು ಹೋಟೆಲುಗಳ ಒಡೆಯರಾದರು. ಇಂತಹ ಕತೆಗಳನ್ನು ನಮ್ಮ ಹುಡುಗರು ಬಹು ಆಸೆಯಿಂದ ಕೇಳುತ್ತಾರೆ. ಬಾನನ್ನರಂತೆ ಆದವರು ಕೆಲವರೇ. ಮೂವತ್ತು ವರ್ಷ ಲೋಟ ತೊಳೆದು, ಕಾಲಿನ ಬೆರಳುಗಳ ಸಂದು ನೀರಿನಲ್ಲಿ ಕೊಳೆತು, ಊರಿಗೆ ಹಿಂತಿರುಗಿದವನ ಕತೆಯನ್ನು ಯಾವ ಪತ್ರಿಕೆಯೂ ಅಚ್ಚುಮಾಡುವುದಿಲ್ಲ.

ಆದರೆ ಮುಂಬಯಿಯ ಕನ್ನಡಿಗರು ಒಂದು ದೊಡ್ಡ ಕೆಲಸವನ್ನು ಮಾಡಿದರು: ರಾತ್ರಿಶಾಲೆಗಳನ್ನು ನಡೆಸಿದರು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ಉಚಿತ ರಾತ್ರಿಶಾಲೆಯನ್ನು ತೆರೆಯಿತು. ಬಿಲ್ಲವರ ಸಂಘ, ಬಂಟರ ಸಂಘ ಮುಂತಾದವೂ ಇದೇ ದಾರಿ ಹಿಡಿದವು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯಂತಹ ಸಂಸ್ಥೆಗಳು ಹಗಲುಶಾಲೆಗಳನ್ನು ನಡೆಸಿದವು. ನಗರಪಾಲಿಕೆಯ ಕನ್ನಡ ಶಾಲೆಗಳೂ ಇದ್ದವು. ಸಂಜೆ ಏಳರ ಸುಮಾರಿಗೆ ಹುಡುಗರು ಹೋಟೆಲಿನ ಹಿಂಬಾಗಿಲಿನಲ್ಲಿ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಪುಸ್ತಕ ಹಿಡಿದು ಬರುತ್ತಿದ್ದರು. ಬಿಡುವು ಕೊಡುವ ಯಜಮಾನರೂ ಇದ್ದರು, ಕೊಡದವರೂ ಇದ್ದರು. ಹಗಲೆಲ್ಲ ನಿಂತ ಕಾಲುಗಳಿಗೆ ಬೆಂಚು ಸಿಕ್ಕಿದೊಡನೆ ಕಣ್ಣು ಮುಚ್ಚಿಹೋಗುತ್ತಿದ್ದಿತು. ಅಲ್ಲಿನ ಉಪಾಧ್ಯಾಯರಿಗೆ ಬೆತ್ತಕ್ಕಿಂತ ಕರುಣೆ ಹೆಚ್ಚು ಬೇಕಾಗಿತ್ತು. ಅಲ್ಲಿ ಓದಿದವರಲ್ಲಿ ವಕೀಲರು, ಬ್ಯಾಂಕಿನ ನೌಕರರು, ಲೆಕ್ಕಪರಿಶೋಧಕರು, ಪತ್ರಿಕೆಯವರು ಆದವರು ಅನೇಕರು. ದೂರದ ಊರಿನಲ್ಲಿ, ಪರಭಾಷೆಯ ನಡುವೆ, ಅವರನ್ನು ಎತ್ತಿ ಹಿಡಿದದ್ದು ಕನ್ನಡದಲ್ಲಿ ಕಲಿತ ನಾಲ್ಕನೆಯ ಐದನೆಯ ತರಗತಿಯ ಪಾಠ. ಅಕ್ಷರದ ಒಂದು ಎಳೆ ಉಳಿದಿದ್ದುದರಿಂದ ಅದನ್ನು ಮತ್ತೆ ಹಿಡಿಯಲು ಸಾಧ್ಯವಾಯಿತು. ಅದೂ ಇಲ್ಲದೆ ಹೋದವರಿಗೆ ರಾತ್ರಿಶಾಲೆಯ ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

ಈಗ ಆ ಶಾಲೆಗಳಲ್ಲಿ ಹಲವು ಮುಚ್ಚಿವೆ. ಕನ್ನಡ ಕರಾವಳಿಯ ಹುಡುಗರು ಹತ್ತನೆಯ ವಯಸ್ಸಿನಲ್ಲಿ ಮುಂಬಯಿಗೆ ಬರುವುದು ನಿಂತಿರುವುದೇ ಇದಕ್ಕೆ ಒಂದು ಕಾರಣವಾದ್ದರಿಂದ ಅಷ್ಟರಮಟ್ಟಿಗೆ ಇದು ಒಳ್ಳೆಯ ಸುದ್ದಿ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಇಂಗ್ಲೀಷ್ ಶಾಲೆಗೆ ಹೋಗುವುದು ಇನ್ನೊಂದು ಕಾರಣ. ಉಡುಪಿ ಹೋಟೆಲುಗಳಲ್ಲಿ ಈಗ ಲೋಟ ಎತ್ತುವವರು ಬೇರೆ ಬೇರೆ ರಾಜ್ಯಗಳ ಬಡ ಹುಡುಗರು. ಕಾಯಿದೆಯೂ ಬದಲಾಗಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಚಹದಂಗಡಿಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರ ವರೆಗಿನ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವು ಹಕ್ಕಾಯಿತು. 2016ರ ತಿದ್ದುಪಡಿಯಂತೆ ಹದಿನಾಲ್ಕರೊಳಗಿನ ಮಗುವನ್ನು ಕೆಲಸಕ್ಕಿಟ್ಟುಕೊಂಡವನಿಗೆ ಆರು ತಿಂಗಳಿನಿಂದ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು.

ನಮ್ಮ ಸೀಮೆಗೆ ಮುಂಬಯಿ ದೂರ, ಬೆಂಗಳೂರು ಹತ್ತಿರ. ಕಡಲೆಕಾಯಿ ಕೈಕೊಟ್ಟ ವರ್ಷ ಕುಟುಂಬವೇ ಮನೆಗೆ ಬೀಗ ಹಾಕಿ ಕಟ್ಟಡದ ಕೆಲಸಕ್ಕೋ ಹೋಟೆಲಿನ ಕೆಲಸಕ್ಕೋ ಹೊರಡುವುದನ್ನು ಪ್ರತಿವರ್ಷ ಕಾಣುತ್ತೇವೆ. ಹಾಜರಿ ಪುಸ್ತಕದಲ್ಲಿ ದಸರೆಯ ರಜೆಯ ಬಳಿಕ ಖಾಲಿ ಉಳಿಯುವ ಮನೆಗಳನ್ನು ನೋಡಿದರೆ ಆ ವರ್ಷದ ಮಳೆಯ ಲೆಕ್ಕ ತಿಳಿಯುತ್ತದೆ. ಸಾಲ ತಲೆಯ ಮೇಲಿರುವ ತಂದೆಗೆ ‘ಹೋಗಬೇಡ’ ಎಂದು ಹೇಳುವ ಅಧಿಕಾರ ಉಪಾಧ್ಯಾಯನಿಗಿಲ್ಲ. ಆದರೆ ಹೋಗುವವರು ಶಾಲೆಗೆ ಒಂದು ಮಾತು ತಿಳಿಸದೆ ಹೋಗಬಾರದು. ಬೆಂಗಳೂರಿನಲ್ಲಿ ಸರ್ಕಾರದ ಕನ್ನಡ ಶಾಲೆಗಳಿವೆ. ಆರರಿಂದ ಹದಿನಾಲ್ಕರೊಳಗಿನ ಮಗುವನ್ನು ವರ್ಷದ ನಡುವೆಯೂ, ವರ್ಗಾವಣೆಯ ಪತ್ರ ತಡವಾದರೂ, ಅಲ್ಲಿ ಸೇರಿಸಿಕೊಳ್ಳತಕ್ಕದ್ದೆಂದು ಕಾಯಿದೆಯಿದೆ. ಆಂಧ್ರದ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಅಲ್ಲಿ ಲಿಪಿಯೂ ಮಾತೂ ಹೊಸತಲ್ಲ. ಇದು ಗಡಿಯ ಕನ್ನಡ ಶಾಲೆಯಲ್ಲಿ ಕಲಿತವರಿಗೆ ದೊರೆಯುವ ಸಣ್ಣ ಲಾಭವೇನಲ್ಲ.

ಈಗಾಗಲೇ ಶಾಲೆ ಬಿಟ್ಟು ಹೋಟೆಲು, ಗ್ಯಾರೇಜುಗಳಲ್ಲಿ ಇರುವ ದೊಡ್ಡ ಹುಡುಗರಿಗೆ ರಾತ್ರಿಶಾಲೆಯ ಸ್ಥಾನದಲ್ಲಿ ಈಗ ಮುಕ್ತಶಾಲೆ ಇದೆ. ಆಂಧ್ರಪ್ರದೇಶದ ಮುಕ್ತಶಾಲಾ ಸಂಸ್ಥೆಯು 1991ರಲ್ಲಿ ಸ್ಥಾಪಿತವಾದದ್ದು. ಹದಿನಾಲ್ಕು ವರ್ಷ ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮೇಲಿನ ವಯಸ್ಸಿಗೆ ಮಿತಿಯಿಲ್ಲವಾದ್ದರಿಂದ ಮಗನೊಡನೆ ತಾಯಿಯೂ ಕಟ್ಟಬಹುದು. ಎಲ್ಲ ವಿಷಯಗಳನ್ನು ಒಂದೇ ಸಲ ಮುಗಿಸಬೇಕೆಂಬ ನಿರ್ಬಂಧವೂ ಇಲ್ಲ. ಅರ್ಜಿ ತುಂಬುವುದಕ್ಕೆ ಸಹಾಯ ಬೇಕಾದವರು ಆಧಾರ್ ಚೀಟಿ, ಹುಟ್ಟಿದ ತಾರೀಖಿನ ದಾಖಲೆ, ಎರಡು ಭಾವಚಿತ್ರಗಳೊಂದಿಗೆ ನಮ್ಮ ಶಾಲೆಯ ಕಛೇರಿಗೆ ಬರಬಹುದು. ಹಗಲು ಕೂಲಿಗೆ ಹೋಗುವವರಿಗೆ ಅನುಕೂಲವಾಗಲೆಂದು ಸಂಜೆ ಆರು ಗಂಟೆಯವರೆಗೆ ಒಬ್ಬರು ಉಪಾಧ್ಯಾಯರು ಅಲ್ಲಿ ಇರುತ್ತಾರೆ.